ಬೈಗುಳದ ನೆಲ, ನಾಲ್ಕು ಪಿಯಾನೊ: ಜೂಲಿಯಸ್ ಈಸ್ಟ್‌ಮನ್ ಕುರಿತು

1

ದಲಿತ ವಿಮರ್ಶೆಗೂ ಒಂದು ಕೇರಿಯನ್ನು ಗೊತ್ತು ಮಾಡಿ ಕೊಡಲಾಗಿದೆ. ದಲಿತರು ಬರೆದ ಆತ್ಮಕಥೆ, ದಲಿತರು ಬರೆದ ಕವಿತೆ, ಹೆಚ್ಚೆಂದರೆ ದಲಿತರ ಬಗ್ಗೆ ಮೇಲುಜಾತಿಯವರು ಬರೆದ ಕಾದಂಬರಿ, ಇಷ್ಟರೊಳಗೆ ನೀವು ಓಡಾಡಿಕೊಂಡಿರಿ, ಉಳಿದ ಊರನ್ನು ನಾವು ನೋಡಿಕೊಳ್ಳುತ್ತೇವೆ ಎಂಬ ಒಳ ಒಪ್ಪಂದವೊಂದು ನಮ್ಮ ಸಾಹಿತ್ಯ ವಲಯದಲ್ಲಿ ಬಹಳ ಕಾಲದಿಂದ ನಡೆದು ಬಂದಿದೆ. ಸಂಗೀತದ ಮಾತಂತೂ ಬೇಡ. ಅದರಲ್ಲೂ 'ಶಾಸ್ತ್ರೀಯ' ಎಂಬ ಪಟ್ಟ ಕಟ್ಟಿಸಿಕೊಂಡ ಸಂಗೀತ ನಮ್ಮ ಗಡಿಯ ಆಚೆಯದು. ಮೃದಂಗಕ್ಕೆ ಚರ್ಮ ಹದ ಮಾಡಿ ಬಿಗಿದು ಕೊಡುವ ಕೈಗೂ ಆ ಮೃದಂಗ ನುಡಿಯುವ ಸಭೆಗೂ ನಡುವೆ ಇರುವ ದೂರವನ್ನು ಟಿ.ಎಂ. ಕೃಷ್ಣ 'ಸೆಬಾಸ್ಟಿಯನ್ ಅಂಡ್ ಸನ್ಸ್' (2020) ಎಂಬ ಪುಸ್ತಕದಲ್ಲಿ ದಾಖಲಿಸಿದಾಗ ಕೆಲವರಿಗೆ ಆಶ್ಚರ್ಯವಾಯಿತು. ನಮಗೇನೂ ಆಗಲಿಲ್ಲ.

ಈ ಟಿಪ್ಪಣಿಯಲ್ಲಿ ಆ ಗಡಿಯನ್ನು ದಾಟಿ ಒಬ್ಬ ಸಂಗೀತಗಾರನ ಬಗ್ಗೆ ಮಾತಾಡಬೇಕೆಂದಿದ್ದೇನೆ. ಹೆಸರು ಜೂಲಿಯಸ್ ಈಸ್ಟ್‌ಮನ್ (1940-1990), ಅಮೆರಿಕದವನು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಒಳಮನೆಯಲ್ಲೇ ತಯಾರಾದವನು, ಕಪ್ಪು ಜನಾಂಗದವನು, ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡು ಬದುಕಿದವನು. ಈ ಮೂರನ್ನೂ ಬಿಡಿಸಿ ಬೇರೆ ಬೇರೆ ಇಟ್ಟು ಓದಲು ಹೊರಟರೆ ಆತನ ಸಂಗೀತ ಕೈಗೆ ಸಿಗುವುದಿಲ್ಲ ಎಂಬುದು ನನ್ನ ವಾದ. ಹಾಗೆ ಬಿಡಿಸಿಡುವ ಚಟ ನಮ್ಮ ವಿಮರ್ಶೆಗೂ ನಮ್ಮ ಚಳವಳಿಗೂ ಇದೆ ಎಂಬುದು ಅದರ ಹಿಂದಿರುವ ತಕರಾರು.

2

ಈಸ್ಟ್‌ಮನ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಬೆಳೆದದ್ದು ಅದೇ ರಾಜ್ಯದ ಇಥಾಕ ಎಂಬ ಊರಿನಲ್ಲಿ. ಹುಡುಗನಾಗಿದ್ದಾಗ ಚರ್ಚಿನ ಗಾಯಕವೃಂದದಲ್ಲಿ ಹಾಡಿದ. ಫಿಲಡೆಲ್ಫಿಯಾದ ಕರ್ಟಿಸ್ ಇನ್‌ಸ್ಟಿಟ್ಯೂಟಿನಲ್ಲಿ ಪಿಯಾನೊ ಮತ್ತು ಸಂಗೀತ ರಚನೆ ಕಲಿತು 1963ರಲ್ಲಿ ಹೊರಬಂದ. ಆಮೇಲೆ ಬಫಲೊ ನಗರದ ವಿಶ್ವವಿದ್ಯಾಲಯದಲ್ಲಿ ಹೊಸ ಸಂಗೀತಕ್ಕೆಂದೇ ಇದ್ದ ಕೇಂದ್ರವನ್ನು ಸೇರಿದ. ಕಂಠವೂ ಅಸಾಧಾರಣ. ಹುಚ್ಚು ಹಿಡಿದ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜನ ಬಾಯಲ್ಲಿ ಹಾಡಿಸುವ ಪೀಟರ್ ಮ್ಯಾಕ್ಸ್‌ವೆಲ್ ಡೇವಿಸನ ಕೃತಿಯೊಂದಿದೆ. ಅದನ್ನು ಈತ ಹಾಡಿದ ಧ್ವನಿಮುದ್ರಿಕೆ 1970ರ ದಶಕದಲ್ಲಿ ಹೆಸರು ಮಾಡಿತು. ಗುಲಾಮರ ವಂಶದ ಗಂಟಲಲ್ಲಿ ಸಾಮ್ರಾಜ್ಯದ ದೊರೆಯ ಹುಚ್ಚು! ಅಂದರೆ ಈತ ಬಾಗಿಲ ಹೊರಗೆ ನಿಂತು ಕೂಗಿದವನಲ್ಲ. ಒಳಗೆ ಹೋಗಿ ಅವರ ವಿದ್ಯೆಯನ್ನು ಪೂರ್ತಿ ಕಲಿತು ಆಮೇಲೆ ತಕರಾರು ತೆಗೆದವನು.

1976ರಲ್ಲಿ ಬಫಲೊದ ಪತ್ರಿಕೆಯೊಂದಕ್ಕೆ ಆತ ಹೇಳಿದ ಮಾತು ಈಗ ಪ್ರಸಿದ್ಧವಾಗಿದೆ. ತಾನು ಏನಾಗಿದ್ದೇನೋ ಅದನ್ನು ಪೂರ್ತಿಯಾಗಿ ಆಗಬೇಕು, ಕಪ್ಪು ಮನುಷ್ಯನಾಗಿ ಪೂರ್ತಿ, ಸಂಗೀತಗಾರನಾಗಿ ಪೂರ್ತಿ, ಸಲಿಂಗಿಯಾಗಿ ಪೂರ್ತಿ ಎಂಬುದು ಅದರ ಸಾರ. ಮೂರಕ್ಕೂ ಒಂದೇ ತೂಕ. ಇದರಲ್ಲಿ ಯಾವುದೂ ಇನ್ನೊಂದಕ್ಕೆ ವಿಶೇಷಣವಲ್ಲ.

1979ರ ಸುಮಾರಿಗೆ ಆತ ಮೂರು ದೊಡ್ಡ ಕೃತಿಗಳನ್ನು ರಚಿಸಿದ. ಅವುಗಳ ಹೆಸರು 'ಈವಿಲ್ ನಿಗ್ಗರ್', 'ಕ್ರೇಜಿ ನಿಗ್ಗರ್', 'ಗೇ ಗೆರಿಲ್ಲಾ'. ಮೊದಲೆರಡರಲ್ಲಿರುವ ಪದ ಗುಲಾಮಗಿರಿಯ ಕಾಲದಿಂದ ಬಿಳಿಯರು ಕಪ್ಪು ಜನರ ಮುಖಕ್ಕೆ ಎಸೆಯುತ್ತ ಬಂದ ಬೈಗುಳ. 1980ರ ಜನವರಿಯಲ್ಲಿ ಷಿಕಾಗೊ ಹತ್ತಿರದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಈ ಮೂರನ್ನೂ ನಾಲ್ಕು ಪಿಯಾನೊಗಳ ಮೇಲೆ ನುಡಿಸುವುದೆಂದು ಗೊತ್ತಾದಾಗ ಅಲ್ಲಿನ ಕಪ್ಪು ವಿದ್ಯಾರ್ಥಿಗಳು, ಅಧ್ಯಾಪಕರೊಬ್ಬರು ಆಕ್ಷೇಪಿಸಿದರು. ಕಾರ್ಯಕ್ರಮದ ಹಾಳೆಯಲ್ಲಿ ಹೆಸರುಗಳನ್ನು ಅಚ್ಚು ಹಾಕಲಿಲ್ಲ. ಆಗ ಈಸ್ಟ್‌ಮನ್ ವೇದಿಕೆಗೆ ಬಂದು, ಸಿಟ್ಟಿಲ್ಲದೆ, ಅಚ್ಚಾಗದ ಹೆಸರುಗಳನ್ನು ಬಾಯಿಂದಲೇ ಹೇಳಿದ. ಯಾಕೆ ಇಟ್ಟೆ ಅಂತಲೂ ವಿವರಿಸಿದ.

ಆ ವಿವರಣೆಯ ಧ್ವನಿಮುದ್ರಣ ಉಳಿದಿದೆ. ಆತ ಹೇಳುವುದು ಇಷ್ಟು. ಮೊದಲು ಆ ಹೆಸರಿನಿಂದ ಕರೆಸಿಕೊಂಡವರು ಹೊಲದಲ್ಲಿ ದುಡಿದವರು. ಅಮೆರಿಕದ ಇಡೀ ಆರ್ಥಿಕ ವ್ಯವಸ್ಥೆ ನಿಂತದ್ದು ಅವರ ಮೇಲೆ. ಹಾಗಾಗಿ ಆ ಪದಕ್ಕೆ ತನ್ನ ಮಟ್ಟಿಗೆ ಬುನಾದಿ ಎಂಬ ಅರ್ಥ ಇದೆ. ತೋರಿಕೆಯದನ್ನೆಲ್ಲ ಕಳಚಿದ ಮೇಲೆ ಉಳಿಯುವ ಗಟ್ಟಿ ನೆಲ ಅದು. ಇನ್ನು ಗೆರಿಲ್ಲಾ ಅಂದರೆ ತಾನು ನಂಬಿದ್ದಕ್ಕೆ ಪ್ರಾಣ ಕೊಡಲು ತಯಾರಾದವನು. ಕರೆ ಬಂದರೆ ತಾನೂ ಅಂಥವನಾದೇನು ಎಂಬ ಆಸೆಯಿಂದ ಆ ಹೆಸರು.

3

ಈ ಪ್ರಸಂಗ ಕನ್ನಡದ ಓದುಗರಿಗೆ ಹೊಸದೆನಿಸಬಾರದು. ಸಿದ್ಧಲಿಂಗಯ್ಯನವರು 1975ರಲ್ಲಿ ತಮ್ಮ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟಾಗ ಆದದ್ದೂ ಇದೇ ಕೆಲಸ. ಗೌಡನ ಜಗುಲಿಯಿಂದ ಉಗಿದಂತೆ ಬೀಳುತ್ತಿದ್ದ ಪದ ಪುಸ್ತಕದ ರಕ್ಷಾಪುಟದ ಮೇಲೆ ಬಂದು ಕೂತಿತು. ಅದೇ ಪದವನ್ನು ಊರ ನಡುವೆ ಅವಮಾನ ಮಾಡಲೆಂದು ಮೇಲುಜಾತಿಯವನು ಕೂಗಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. ಒಂದೇ ಪದ, ಒಂದು ಬಾಯಲ್ಲಿ ಕಾವ್ಯ, ಇನ್ನೊಂದು ಬಾಯಲ್ಲಿ ಅಪರಾಧ. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಪದದ ಅರ್ಥ ನಿಘಂಟಿನಲ್ಲಿ ಇರುವುದಿಲ್ಲ, ಅದನ್ನು ಆಡುವವನ ನೆಲದಲ್ಲಿ ಇರುತ್ತದೆ.

ಇಲ್ಲಿ ಇನ್ನೊಂದು ವ್ಯತ್ಯಾಸವನ್ನೂ ಗುರುತಿಸಬೇಕು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ತನ್ನನ್ನು ಮಾದಾರ ಚೆನ್ನಯ್ಯನ ಮನೆಯವನು ಎಂದು ಕರೆದುಕೊಂಡದ್ದನ್ನು ನಮ್ಮ ವಿಮರ್ಶಕರು ಸಾವಿರ ಸಲ ಹೊಗಳಿದ್ದಾರೆ. ಅದು ದೊಡ್ಡ ನಡೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಹಾರುವನಾಗಿ ಹುಟ್ಟಿದವನು ಆ ಹೆಸರನ್ನು ತೊಟ್ಟುಕೊಳ್ಳುವುದಕ್ಕೂ ಆ ಹೆಸರನ್ನು ಕಳಚಲಾಗದವನು ಅದನ್ನು ಎತ್ತಿ ಹಿಡಿಯುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ತ್ಯಾಗ, ಎರಡನೆಯದು ಹಕ್ಕು. ಈಸ್ಟ್‌ಮನ್ ಮಾಡಿದ್ದು ಎರಡನೆಯದು.

ಹಾಗಂತ ನಾರ್ತ್‌ವೆಸ್ಟರ್ನಿನ ವಿದ್ಯಾರ್ಥಿಗಳನ್ನು ಕಲೆ ಗೊತ್ತಿಲ್ಲದವರು ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಬಿಳಿಯರೇ ತುಂಬಿದ ವಿಶ್ವವಿದ್ಯಾಲಯದ ಗೋಡೆ ಗೋಡೆಯ ಮೇಲೆ ಆ ಪದವನ್ನು ಅಂಟಿಸಿದರೆ ಮರುದಿನ ತರಗತಿಗೆ ಹೋಗಬೇಕಾದವರು ಯಾರು? ಪದವನ್ನು ಗೆದ್ದುಕೊಂಡವನು ಕಲಾವಿದ. ಆ ಪದದ ಪೆಟ್ಟು ತಿನ್ನುವವನು ಇನ್ನೂ ಗೆಲ್ಲದೆ ಇರುವ ಹುಡುಗ. ಹಾಸ್ಟೆಲಿನಲ್ಲಿ ಓದಿದ ನಮ್ಮವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಆ ಸಂಜೆಯ ಹಿರಿಮೆ ಅಂದರೆ ಎರಡು ಕಡೆಯವರ ಮಾತೂ ಒಂದೇ ಸಭಾಂಗಣದಲ್ಲಿ ನಿಂತಿತು. ಹೆಸರು ಅಚ್ಚಾಗಲಿಲ್ಲ, ಆದರೆ ನುಡಿಯಿತು. ಆಡುವವನ ದನಿ ಜೊತೆಗಿರುವಾಗ ಮಾತ್ರ ಅಂಥ ಪದ ತನ್ನ ಹೊಸ ಅರ್ಥ ಬಿಟ್ಟುಕೊಡುತ್ತದೆ ಎಂಬುದು ಇದರಿಂದ ನಾನು ಕಲಿತ ಪಾಠ.

4

ಈಗ ಎರಡನೆಯ ಹೆಸರಿಗೆ ಬರೋಣ, ಸಲಿಂಗಿ ಎಂಬುದಕ್ಕೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಸಲಿಂಗಿಗಳಿಗೆ ಬರವಿಲ್ಲ. ಚೈಕೋವ್‌ಸ್ಕಿ, ಬ್ರಿಟನ್, ಕೋಪ್ಲಂಡ್, ಬಾರ್ಬರ್ ಹೀಗೆ ಪಟ್ಟಿ ಬೆಳೆಯುತ್ತದೆ. ಬೆಂಜಮಿನ್ ಬ್ರಿಟನ್ ತನ್ನ ಸಂಗಾತಿ, ಗಾಯಕ ಪೀಟರ್ ಪಿಯರ್ಸನ ಜೊತೆ ದಶಕಗಳ ಕಾಲ ಸಂಸಾರ ನಡೆಸಿದ. ಇಂಗ್ಲೆಂಡಿನಲ್ಲಿ 1967ರವರೆಗೆ ಅದು ಕಾನೂನಿನ ಕಣ್ಣಲ್ಲಿ ಅಪರಾಧ. ಆ ಕಾನೂನಿನ ಸೋದರನೇ 1860ರಲ್ಲಿ ನಮ್ಮ ಮೇಲೆ ಹೇರಲಾದ 377ನೆಯ ಕಲಮು. ಒಪ್ಪಿತ ಸಂಬಂಧಗಳನ್ನು ಅದರಿಂದ ಬಿಡಿಸಲು ಸುಪ್ರೀಂ ಕೋರ್ಟಿಗೆ 2018 ಬರಬೇಕಾಯಿತು. ಆದರೆ ಬ್ರಿಟನ್‌ಗೆ 1976ರಲ್ಲಿ ಲಾರ್ಡ್ ಪದವಿ ಸಿಕ್ಕಿತು. ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಲಿಲ್ಲ. ಈ ಮೌನ ಒಂದು ಬಗೆಯ ಸೆರೆಮನೆಯೂ ಹೌದು, ಒಂದು ಬಗೆಯ ಸವಲತ್ತೂ ಹೌದು. ಚರ್ಮದ ಬಣ್ಣ ಬಾಗಿಲಲ್ಲೇ ತಡೆಯದವನಿಗೆ ಮಾತ್ರ ಒಳಗೆ ಹೋಗಿ ಸುಮ್ಮನೆ ಕೂರುವ ಅವಕಾಶ. ಈಸ್ಟ್‌ಮನ್‌ಗೆ ಒಂದನ್ನು ಮುಚ್ಚಿಟ್ಟುಕೊಳ್ಳಬಹುದಾಗಿತ್ತು, ಇನ್ನೊಂದನ್ನು ಮುಚ್ಚಲು ಸಾಧ್ಯವೇ ಇರಲಿಲ್ಲ. ಆತ ಎರಡನ್ನೂ ಮುಚ್ಚಲಿಲ್ಲ.

1975ರ ಜೂನ್ ತಿಂಗಳಲ್ಲಿ ಬಫಲೊದಲ್ಲಿ ನಡೆದದ್ದು ಇದರ ಬೆಲೆ ಎಷ್ಟೆಂದು ತೋರಿಸಿತು. ಜಾನ್ ಕೇಜ್ ಅಂದರೆ ಆಗ ಹೊಸ ಸಂಗೀತದ ಗುರುಪೀಠ. ಆತನ 'ಸಾಂಗ್ ಬುಕ್ಸ್' ಎಂಬ ಕೃತಿಯಲ್ಲಿ ಪ್ರದರ್ಶಕನಿಗೆ ಏನು ಮಾಡಬೇಕೆಂಬುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಈಸ್ಟ್‌ಮನ್ ಪ್ರೇಮದ ಹೊಸ ಪದ್ಧತಿಯ ಬಗ್ಗೆ ಉಪನ್ಯಾಸದ ಅಣಕ ಮಾಡುತ್ತ ವೇದಿಕೆಯ ಮೇಲೆ ಒಬ್ಬ ಗಂಡಸಿನ ಬಟ್ಟೆ ಕಳಚಿದ. ಕೇಜ್ ಎದುರೇ ಕೂತಿದ್ದ. ಮರುದಿನ ಆತ ಕೆಂಡವಾಗಿ ಪಿಯಾನೊ ಗುದ್ದಿ ಮಾತಾಡಿದ; ತಾನು ಕೊಟ್ಟ ಸ್ವಾತಂತ್ರ್ಯವನ್ನು ಈತ ದುರುಪಯೋಗ ಮಾಡಿಕೊಂಡ, ತನ್ನ ಅಹಂಕಾರವನ್ನೂ ಸಲಿಂಗತ್ವವನ್ನೂ ತಂದು ತುರುಕಿದ ಎಂಬರ್ಥದ ಮಾತು. ಕೇಜ್ ಸ್ವತಃ ನೃತ್ಯಗಾರ ಮರ್ಸ್ ಕನ್ನಿಂಗ್‌ಹಾಮ್‌ನ ಜೀವನ ಸಂಗಾತಿ. ಸಾರ್ವಜನಿಕವಾಗಿ ಆ ವಿಷಯ ಎತ್ತದೆ ನಡೆದುಕೊಂಡು ಬಂದವನು. ಝೆನ್ ಬೌದ್ಧ ಧರ್ಮದಿಂದ ಕಲಿತು ಸಂಗೀತದಿಂದ 'ನಾನು' ಎಂಬುದನ್ನು ಅಳಿಸಬೇಕೆಂದು ಪ್ರತಿಪಾದಿಸಿದವನು.

ನನ್ನ ಪ್ರಶ್ನೆ ಇಷ್ಟೆ. 'ನಾನು' ಎಂಬುದು ಇನ್ನೂ ಕೈಗೇ ಬಾರದವನು ಏನನ್ನು ಅಳಿಸಬೇಕು? ಅಹಂಕಾರ ಬಿಡು ಎಂಬ ಉಪದೇಶ ಯಾವತ್ತೂ ಮೇಲಿನಿಂದಲೇ ಬರುತ್ತದೆ. ನಮ್ಮಲ್ಲೂ ಬಂತು. ದಲಿತ ಕವಿ ತನ್ನ ಮೈ, ತನ್ನ ಹಸಿವು, ತನ್ನ ಸಿಟ್ಟನ್ನು ಬರೆದಾಗ ಇದು ಘೋಷಣೆ, ಕಾವ್ಯವಾಗಿಲ್ಲ, ವೈಯಕ್ತಿಕವನ್ನು ಮೀರಬೇಕು ಎಂದು ನವ್ಯದ ಮಾನದಂಡ ಹಿಡಿದವರು ಬುದ್ಧಿ ಹೇಳಿದರು. ಮೀರುವುದಕ್ಕೆ ಮೊದಲು ಇರಬೇಕಲ್ಲ ಸ್ವಾಮಿ! ಬಫಲೊದಲ್ಲಿ ನಡೆದ ಜಗಳ ಇಬ್ಬರು ಕಲಾವಿದರ ಮನಸ್ತಾಪವಷ್ಟೇ ಆಗಿರಲಿಲ್ಲ. ಸ್ವಾತಂತ್ರ್ಯ ಕೊಡುವವನು ಅದರ ಎಲ್ಲೆಯನ್ನೂ ತಾನೇ ಇಟ್ಟುಕೊಂಡಿರುತ್ತಾನೆ ಎಂಬುದು ಅಲ್ಲಿ ಬಯಲಾಯಿತು.

5

ಇಷ್ಟೆಲ್ಲ ಹೇಳಿ ಸಂಗೀತವನ್ನೇ ಕೇಳದೆ ಹೋದರೆ ನಾವೂ ಬರೀ ಚರಿತ್ರೆ ಓದುವವರಾಗುತ್ತೇವೆ. ತೊಂದರೆ ಏನಂದರೆ ಶಾಸ್ತ್ರೀಯ ಸಂಗೀತಕ್ಕೆ ವಿರಾಮ ಬೇಕು. 'ಕ್ರೇಜಿ ನಿಗ್ಗರ್' ಸುಮಾರು 55 ನಿಮಿಷ, 'ಗೇ ಗೆರಿಲ್ಲಾ' ಅರ್ಧ ಗಂಟೆಗೆ ಹತ್ತಿರ. ದುಡಿದು ಮನೆಗೆ ಬರುವವನು ಅಷ್ಟು ಹೊತ್ತು ಒಂದೇ ಕಡೆ ಕೂರುವುದು ಹೇಗೆ? ನಾನು ಇವನ್ನು ಕೇಳಿದ್ದು ಮೈತುಂಬ ಕೆಲಸವಿದ್ದ ಒಂದು ವಾರದಲ್ಲಿ, ಬಸ್ಸಿನಲ್ಲಿ, ರಾತ್ರಿ ಊಟವಾದ ಮೇಲೆ, ತುಂಡು ತುಂಡಾಗಿ. ಸಿಕ್ಕಿದ್ದನ್ನು ಇಬ್ಬರು ಗೆಳೆಯರಿಗೆ ಮೊಬೈಲಿನಲ್ಲಿ ಕಳಿಸಿದೆ. ಅವರಲ್ಲಿ ಒಬ್ಬ ತಮಟೆ ಬಡಿಯುವವನು. 'ಈವಿಲ್ ನಿಗ್ಗರ್' ಕೃತಿಯಲ್ಲಿ ನಾಲ್ಕು ಪಿಯಾನೊಗಳ ಸದ್ದಿನ ಮಧ್ಯೆ ಇದ್ದಕ್ಕಿದ್ದಂತೆ ಒಂದು, ಎರಡು, ಮೂರು, ನಾಲ್ಕು ಎಂದು ಇಂಗ್ಲಿಷಿನಲ್ಲಿ ಎಣಿಸುವ ಕೂಗು ಕೇಳುತ್ತದೆ. ಕೂಗಿದ ತಕ್ಷಣ ಎಲ್ಲರೂ ಒಂದೇ ವರಸೆಗೆ ಬಂದು ಬೀಳುತ್ತಾರೆ. ಅದನ್ನು ಕೇಳಿ ಆತ ಅಂದ: "ಅಣ್ಣಾ, ಇದು ನಮ್ಮ ಲೆಕ್ಕಾನೇ. ಮುಂದಿನೋನು ಕೂಗ್ತಾನೆ, ಎಲ್ರೂ ಮಟ್ಟು ಬದಲಾಯಿಸ್ತೀವಿ. ಆದ್ರೆ ಇವ್ರು ಹಳೇ ಮಟ್ಟು ಬಿಡೋದೇ ಇಲ್ವಲ್ಲ, ಅದರ ಮೇಲೇ ಹೇರ್ತಾ ಹೋಗ್ತಾರೆ."

ಆತನಿಗೆ ಗೊತ್ತಿಲ್ಲದೆಯೇ ಆತ ಈಸ್ಟ್‌ಮನ್‌ನ ಸಿದ್ಧಾಂತವನ್ನು ಹೇಳಿಬಿಟ್ಟಿದ್ದ. ತನ್ನ ರಚನಾಕ್ರಮಕ್ಕೆ ಈಸ್ಟ್‌ಮನ್ ಇಟ್ಟ ಹೆಸರು 'ಸಾವಯವ ಸಂಗೀತ'. ಪ್ರತಿ ಭಾಗವೂ ತನ್ನ ಹಿಂದಿನ ಭಾಗಗಳಲ್ಲಿದ್ದದ್ದನ್ನೆಲ್ಲ ಒಳಗಿಟ್ಟುಕೊಂಡು ಮುಂದಕ್ಕೆ ಹೋಗುತ್ತದೆ. ಏನನ್ನಾದರೂ ಕಳಚುವುದಿದ್ದರೆ ನಿಧಾನವಾಗಿ, ತರ್ಕಬದ್ಧವಾಗಿ ಕಳಚುತ್ತದೆ. ಪಾಶ್ಚಾತ್ಯ ಸಂಗೀತದ ಎಷ್ಟೋ ರಚನೆಗಳಲ್ಲಿ ಎರಡು ವಸ್ತುಗಳು ಸೆಣಸಿ ಒಂದು ಮೇಲುಗೈ ಪಡೆಯುವುದೇ ನಾಟಕ. ಇಲ್ಲಿ ಹಾಗಿಲ್ಲ. ಬಂದವರು ಯಾರೂ ಎದ್ದು ಹೋಗಬೇಕಾಗಿಲ್ಲ, ಜಾಗ ಮಾಡಿಕೊಂಡು ಕೂರುತ್ತಾರೆ.

'ಗೇ ಗೆರಿಲ್ಲಾ' ಮೆಲ್ಲಗೆ, ಒಂದೇ ಸ್ವರವನ್ನು ಬಡಿಯುತ್ತ ಶುರುವಾಗುತ್ತದೆ. ಪದರದ ಮೇಲೆ ಪದರ ಕೂಡಿ ದಟ್ಟವಾಗುತ್ತದೆ. ಆ ದಟ್ಟಣೆಯೊಳಗಿಂದ ಮಾರ್ಟಿನ್ ಲೂಥರ್ 16ನೆಯ ಶತಮಾನದಲ್ಲಿ ಬರೆದ, ದೇವರನ್ನು ಭದ್ರ ಕೋಟೆಯೆಂದು ಕರೆಯುವ ಕೀರ್ತನೆಯ ಧಾಟಿ ಎದ್ದು ಬರುತ್ತದೆ. ಪೋಪನ ವಿರುದ್ಧ ನಿಂತವರ ಹಾಡು ಅದು. ಆಮೇಲೆ ಅದೇ ಚರ್ಚು ಸಲಿಂಗಿಗಳನ್ನು ಪಾಪಿಗಳೆಂದು ಹೊರಗಟ್ಟಿತು. ಚರ್ಚಿನ ಮಡಿಲಲ್ಲಿ ಹಾಡಿ ಬೆಳೆದ ಹುಡುಗ ದೊಡ್ಡವನಾಗಿ ಆ ಕೋಟೆಯನ್ನು ತನ್ನವರಿಗೆಂದು ಕೇಳುತ್ತಾನೆ. ಇದನ್ನು ಬರೀ ಅಣಕ ಎಂದು ಕೇಳಿದರೆ ತಪ್ಪುತ್ತೇವೆ. ಅಣಕಕ್ಕೆ ಅರ್ಧ ಗಂಟೆಯ ತಾಳ್ಮೆ ಇರುವುದಿಲ್ಲ. ಕಪ್ಪು, ಸಲಿಂಗಿ, ಶಾಸ್ತ್ರೀಯ ಎಂಬ ಮೂರೂ ಇಲ್ಲಿ ಒಂದೇ ಮೈಯಾಗಿ ಕೇಳುತ್ತವೆ. ಬಿಡಿಸಿ ಓದಬೇಡಿ ಎಂದು ನಾನು ಮೊದಲೇ ಹೇಳಿದ್ದಕ್ಕೆ ಆಧಾರ ಆತನ ಜೀವನಕ್ಕಿಂತ ಹೆಚ್ಚಾಗಿ ಈ ಬಂಧದಲ್ಲಿದೆ.

6

ಕಳಿಸಿದ ಇನ್ನೊಬ್ಬರು ಸಂಘಟನೆಯಲ್ಲಿ ಬಹಳ ವರ್ಷ ದುಡಿದ ಹಿರಿಯರು. ಅವರು ಫೋನು ಮಾಡಿ ಕೇಳಿದರು: "ಅಲ್ಲಯ್ಯ, ಕಪ್ಪು ಜನರದ್ದು ಅಂದ್ರೆ ಒಪ್ತೀನಿ. ಈ ಗೇ ಪಾಯೇ ಎಲ್ಲ ನಮ್ಗೆ ಯಾಕೆ? ಇನ್ನೂ ಎಷ್ಟೋ ಊರಲ್ಲಿ ಹೆಣ ಹೂಳೋಕೆ ಜಾಗ ಇಲ್ಲ ನಮ್ಗೆ. ಇದು ಹೊಟ್ಟೆ ತುಂಬಿದೋರ ಪ್ರಶ್ನೆ."

ಈ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರೆ. ಸ್ಮಶಾನದ ಪ್ರಶ್ನೆ ನಿಜ, ಭೂಮಿಯ ಪ್ರಶ್ನೆ ನಿಜ. ಆದರೆ ಹೊಟ್ಟೆ ತುಂಬಿದವರ ಪ್ರಶ್ನೆ ಎಂಬುದು ನಿಜವಲ್ಲ. ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ಬಗ್ಗೆ ಪಿಯುಸಿಎಲ್ ಕರ್ನಾಟಕ 2001ರಲ್ಲಿ ವರದಿ ತಂದಿತು. ಪಾರ್ಕಿನಲ್ಲಿ, ಬೀದಿಯಲ್ಲಿ ಪೊಲೀಸರ ಲಾಠಿಗೂ ಸುಲಿಗೆಗೂ ಸಿಗುವವರು ಬಂಗಲೆಯವರಲ್ಲ ಎಂಬುದು ಅದನ್ನು ಓದಿದವರಿಗೆ ಗೊತ್ತು. ಎ. ರೇವತಿಯವರ ಆತ್ಮಕಥೆಯನ್ನು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದವರು ದಲಿತ ಚಳವಳಿಯ ಕಸುವಿರುವ ಲೇಖಕಿ ದು. ಸರಸ್ವತಿ. ಅದು ಸುಮ್ಮನೆ ಆದದ್ದಲ್ಲ. ಸವದತ್ತಿ ಎಲ್ಲಮ್ಮನ ಜೋಗಪ್ಪಗಳನ್ನು ಸಲಿಂಗಿಗಳೆಂದು ಕರೆದುಬಿಡುವುದು ಸರಿಯಲ್ಲ, ಅವರ ಲೋಕವೇ ಬೇರೆ. ಆದರೂ ಚೌಡಿಕೆ ಹಿಡಿದು ಮನೆ ಮನೆಯ ಮುಂದೆ ಹಾಡುವ ಅವರು ಎಂಥ ಜಾತಿ, ಎಂಥ ಬಡತನಗಳಿಂದ ಬಂದವರು ಎಂದು ಕೇಳಿಕೊಂಡರೆ ಸಾಕು.

ಇನ್ನು ಪರಂಪರೆಯ ಮಾತು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಪಕ್ಷದಿಂದ ತಂದಿತು. ಆ ಪಕ್ಷದಲ್ಲಿ ಎರಡು ದನಿಗಳಿದ್ದವು. ಎಲ್ಡ್ರಿಜ್ ಕ್ಲೀವರ್ 1968ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಲೇಖಕ ಜೇಮ್ಸ್ ಬಾಲ್ಡ್‌ವಿನ್‌ನನ್ನು ಆತನ ಸಲಿಂಗತ್ವಕ್ಕಾಗಿಯೇ ಹೀಗಳೆದ. 1970ರ ಆಗಸ್ಟಿನಲ್ಲಿ ಹ್ಯೂಯಿ ನ್ಯೂಟನ್ ಅದಕ್ಕೆ ವಿರುದ್ಧವಾಗಿ ಮಾತಾಡಿದ. ಹೆಂಗಸರ, ಸಲಿಂಗಿಗಳ ಚಳವಳಿಗಳ ಜೊತೆ ಒಂದಾಗಬೇಕು, ಸಲಿಂಗಿಗಳನ್ನು ಹಳಿಯುವ ಪದಗಳನ್ನು ನಮ್ಮ ನಾಲಿಗೆಯಿಂದ ತೆಗೆಯಬೇಕು, ಆ ಪದಗಳನ್ನು ನಿಕ್ಸನ್ನನಂಥ ಜನವೈರಿಗಳಿಗೆ ಬೈಗುಳವಾಗಿ ಬಳಸಬಾರದು ಎಂದ. ನಾವು ಹೆಸರು ತಂದೆವು, ಚಿರತೆಯ ಚಿತ್ರ ತಂದೆವು. ನ್ಯೂಟನ್ನನ ಈ ಮಾತು ಮಾತ್ರ ದಾರಿಯಲ್ಲೇ ಉಳಿಯಿತು. ಹಾಗಾಗಿಯೇ ಕೆಲಸ ಮಾಡದ ಅಧಿಕಾರಿಗೆ ಬಳೆ, ಸೀರೆ ಕೊಡುವ ಪ್ರತಿಭಟನೆ ನಮ್ಮಲ್ಲಿ ಇನ್ನೂ ನಡೆಯುತ್ತದೆ. ಬಳೆ ತೊಟ್ಟುಕೋ ಎಂಬುದು ಯಾರಿಗೆ ಅವಮಾನ? ಆ ಮೆರವಣಿಗೆಯಲ್ಲೇ ತಮಟೆ ಹಿಡಿದು ನಡೆಯುತ್ತಿರುವ, 'ಒಂಬತ್ತು', 'ಚಕ್ಕ' ಎಂದು ಕೇರಿಯಲ್ಲಿ ಕರೆಸಿಕೊಳ್ಳುವ ಹುಡುಗನಿಗೆ ಆ ಹೊತ್ತಿನಲ್ಲಿ ಏನನ್ನಿಸುತ್ತದೆ? ಅವನ ಜಾತಿಯನ್ನು ಒಳಗೆ ಕರೆದು ಅವನ ಮೈಯನ್ನು ಹೊರಗೆ ನಿಲ್ಲಿಸಿದಂತಾಯಿತು. ಹೊರಗೆ ನಿಲ್ಲಿಸುವುದರ ಅರ್ಥ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಾಬಾಸಾಹೇಬರು ಈ ವಿಷಯಕ್ಕೆ ಮೂಗು ಮುರಿದವರಲ್ಲ ಎಂಬುದನ್ನೂ ಹಿರಿಯ ಗೆಳೆಯರಿಗೆ ನೆನಪಿಸಿದೆ. ರ.ಧೋ. ಕರ್ವೆ ಎಂಬವರು ಮರಾಠಿಯಲ್ಲಿ 'ಸಮಾಜ ಸ್ವಾಸ್ಥ್ಯ' ಎಂಬ ಪತ್ರಿಕೆ ನಡೆಸುತ್ತಿದ್ದರು. ಓದುಗರ ಲೈಂಗಿಕ ಪ್ರಶ್ನೆಗಳಿಗೆ, ಸಲಿಂಗ ಸಂಬಂಧದ ಪ್ರಶ್ನೆಗೂ ಸೇರಿ, ನೇರವಾಗಿ ಉತ್ತರ ಕೊಟ್ಟರೆಂದು ಅವರ ಮೇಲೆ ಅಶ್ಲೀಲತೆಯ ಮೊಕದ್ದಮೆ ಬಿತ್ತು. 1934ರಲ್ಲಿ ಮುಂಬಯಿಯಲ್ಲಿ ಕರ್ವೆಯವರ ಪರ ವಾದಿಸಿದ ವಕೀಲರು ಅಂಬೇಡ್ಕರ್. ಮೊಕದ್ದಮೆ ಸೋತಿತು. ಆದರೆ ಚೌದಾರ್ ಕೆರೆಯ ನೀರಿಗಾಗಿ ಹೋರಾಡಿದ ಮನುಷ್ಯನಿಗೆ ಇದು ಬೇರೆಯವರ ಪ್ರಶ್ನೆ ಅನ್ನಿಸಿರಲಿಲ್ಲ. ಒಂದು ಮುಗಿಯಲಿ ಆಮೇಲೆ ಇನ್ನೊಂದು ಎಂದು ಅವರು ಸರದಿ ನಿಲ್ಲಿಸಲಿಲ್ಲ.

7

ಈಸ್ಟ್‌ಮನ್‌ನ ಕೊನೆ ಕೆಟ್ಟದಾಗಿತ್ತು. 1980ರ ದಶಕದ ಮೊದಲಲ್ಲಿ ನ್ಯೂಯಾರ್ಕಿನ ಬಾಡಿಗೆ ಮನೆಯಿಂದ ಆತನನ್ನು ಹೊರಹಾಕಿದರು. ಸ್ವರಲಿಪಿಯ ಹಾಳೆಗಳೆಲ್ಲ ಬೀದಿಪಾಲಾದವು. ಕುಡಿತ, ಮಾದಕ ವಸ್ತು, ಕೆಲವು ಕಾಲ ಪಾರ್ಕಿನಲ್ಲಿ ವಾಸ. 1990ರ ಮೇ ತಿಂಗಳಲ್ಲಿ ಬಫಲೊದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 49. ಸುದ್ದಿ ಪತ್ರಿಕೆಯಲ್ಲಿ ಬರಲು ಎಂಟು ತಿಂಗಳು ಹಿಡಿಯಿತು. 1998ರಲ್ಲಿ ಮೇರಿ ಜೇನ್ ಲೀಚ್ ಎಂಬ ಸಂಯೋಜಕಿ ಆತನ ಕೃತಿಯೊಂದನ್ನು ಹುಡುಕಲು ಹೋಗಿ ಏನೂ ಉಳಿದಿಲ್ಲವೆಂದು ಕಂಡು, ಗೆಳೆಯರ ಪೆಟ್ಟಿಗೆ, ಗ್ರಂಥಾಲಯದ ಕಪಾಟುಗಳಿಂದ ಒಂದೊಂದಾಗಿ ಕೂಡಿಸಿದಳು. 2005ರಲ್ಲಿ ಮೂರು ಸಿ.ಡಿ.ಗಳ ಸಂಪುಟ ಬಂತು. ನಾರ್ತ್‌ವೆಸ್ಟರ್ನಿನ ಆ ಸಂಜೆಯ ಮಾತು ನಮಗೆ ಕೇಳುತ್ತಿರುವುದು ಅದರಿಂದಲೇ. ಇವತ್ತು ದೊಡ್ಡ ದೊಡ್ಡ ವಾದ್ಯವೃಂದಗಳು ಆತನನ್ನು ನುಡಿಸುತ್ತಿವೆ. ಬದುಕಿದ್ದಾಗ ಬಾಡಿಗೆಗೆ ಗತಿಯಿಲ್ಲದವನನ್ನು ಸತ್ತ ಮೇಲೆ ಕಂಡುಹಿಡಿದೆವೆಂದು ಸಂಸ್ಥೆಗಳು ಬೀಗುವುದನ್ನು ನೋಡಿದರೆ ನಮ್ಮ ಜಾನಪದ ಸಂಗ್ರಹಗಳ ನೆನಪಾಗುತ್ತದೆ. ಸಂಗ್ರಾಹಕರ ಹೆಸರು ಮುಖಪುಟದ ಮೇಲೆ ದಪ್ಪಕ್ಷರದಲ್ಲಿ, ಹಾಡಿದವಳ ಹೆಸರು ಹುಡುಕಿದರೂ ಸಿಗದು.

ಆದ್ದರಿಂದ ದಲಿತ ವಿಮರ್ಶೆ ತನಗೆ ಗೊತ್ತುಮಾಡಿದ ಕೇರಿಯಿಂದ ಹೊರಡುವಾಗ ತನ್ನೊಳಗಿನ ಕೇರಿಗಳನ್ನೂ ನೋಡಿಕೊಳ್ಳಬೇಕು. ನಮ್ಮ ಲೇಖಕರಲ್ಲಿ, ತಮಟೆಯವರಲ್ಲಿ, ಸಂಘಟನೆಯ ಹುಡುಗ ಹುಡುಗಿಯರಲ್ಲಿ ಹೀಗೆ ಎರಡೆರಡು ಹೆಸರು ಹೊತ್ತು, ಒಂದನ್ನು ಎತ್ತಿ ಹಿಡಿದು ಇನ್ನೊಂದನ್ನು ನುಂಗಿಕೊಂಡು ಬದುಕುತ್ತಿರುವವರು ಇದ್ದಾರೆ. ಅವರ ಹಾಳೆಗಳು ಬೀದಿಗೆ ಬೀಳುವ ಮೊದಲೇ ಓದುವ, ಅವರ ದನಿ ಇರುವಾಗಲೇ ಕೇಳುವ ವಿಮರ್ಶೆ ನಮಗೆ ಬೇಕು. ಈ ಬಗ್ಗೆ ಭಿನ್ನಾಭಿಪ್ರಾಯ ಇರುವ ಗೆಳೆಯರು ಬರೆಯಲಿ, ಜಗಳವಾದರೂ ಆಗಲಿ. ಮೊದಲು ಬಳೆಯ ಆ ಘೋಷಣೆಯನ್ನು ನಮ್ಮ ಮೆರವಣಿಗೆಗಳಿಂದ ತೆಗೆದುಹಾಕೋಣ.